ಕಡಲು ಇಟ್ಟುಹೋದ ತಾಮ್ರ

ತೆಂಗಿನ ಸುಳಿ ಕೊಳೆಯತೊಡಗಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಮೊದಲು ನೆನಪಾಗುವ ಮದ್ದು ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ ಆಮೇಲೆ ಕೂಡಿಸುತ್ತಾರೆ. ಹದ ಬಂದಿದೆಯೇ ಎಂದು ನೋಡಲು ಚಾಕುವನ್ನೋ ಕುಡುಗೋಲನ್ನೋ ಅದರಲ್ಲಿ ಅದ್ದಿ ತೆಗೆಯುವುದು ವಾಡಿಕೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ಬೇರೇನಲ್ಲ, ತಾಮ್ರ. ದ್ರಾವಣದಲ್ಲಿ ಹುಳಿ ಉಳಿದಿರುವ ತನಕ ತಾಮ್ರ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ, ಕಬ್ಬಿಣ ಸಿಕ್ಕಿದರೆ ಅದರ ಮೇಲೆ ಹತ್ತಿ ಕೂರುತ್ತದೆ. ಸುಣ್ಣ ಹುಳಿಯನ್ನು ಮುರಿದೊಡನೆ ಕರಗಿದ್ದ ತಾಮ್ರ ನೀಲಿ ಕೆನೆಯಂತೆ ಬೇರೆಯಾಗುತ್ತದೆ. ಭೂಮಿಯ ಒಡಲಿನಲ್ಲೂ ಇಂಥದೇ ಕೆಲಸ ನಡೆಯುವುದುಂಟು. ಕಾದ, ಹುಳಿಯಾದ, ತಾಮ್ರ ಹೊತ್ತ ನೀರು ಸುಣ್ಣಕಲ್ಲಿನ ಪದರಕ್ಕೆ ನುಗ್ಗಿದಾಗ ಸುಣ್ಣ ಅದರ ಹುಳಿಯನ್ನು ಮುರಿಯುತ್ತದೆ, ತಾಮ್ರ ಅಲ್ಲೇ ನಿಲ್ಲುತ್ತದೆ. ಹಾಗೆ ಹುಟ್ಟಿದ ಅದಿರಿನ ಬಂಡೆಗೆ ಭೂವಿಜ್ಞಾನಿಗಳು ಸ್ಕಾರ್ನ್ ಎನ್ನುತ್ತಾರೆ. ಶೆಟ್ಟಿಕೆರೆ ಸೇರಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುಣ್ಣಕಲ್ಲಿದೆ. ಪಕ್ಕದ ಅರಸೀಕೆರೆ, ಬಾಣಾವರದ ಕಡೆ ಆ ಸುಣ್ಣವನ್ನು ಸುಡಬಲ್ಲಂಥ ಗ್ರಾನೈಟ್ ಇದೆ. ಚಿಕ್ಕನಾಯಕನಹಳ್ಳಿಯನ್ನು ಹಾದುಹೋಗುವ ಬಂಡೆಪಟ್ಟಿಯದೇ ಬಡಗಣ ತುಂಡಾದ ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ ಇದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಇದು ಸ್ಕಾರ್ನಿನ ಸೀಮೆಯೇ ಇರಬೇಕು ಅನ್ನಿಸುವುದು ಸಹಜ. ನನ್ನ ವಾದ ಅದಲ್ಲ. ಈ ಪಟ್ಟಿಯ ತಾಮ್ರವನ್ನು ಇಟ್ಟದ್ದು ಗ್ರಾನೈಟಿನ ಕಾವಲ್ಲ, ಹಳೆಯ ಕಡಲಿನ ತಳ. ಅದನ್ನು ಒಪ್ಪಿಕೊಳ್ಳಲು ಇಲ್ಲಿನ ಭೂವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ಜಗಳವೇ ಇಲ್ಲಿನ ಖನಿಜ ಶೋಧದ ನಿಜವಾದ ಇತಿಹಾಸ ಎಂದು ನಾನು ನಂಬಿದ್ದೇನೆ.

ಮೊದಲು ಸ್ಕಾರ್ನ್ ಎಂದರೇನೆಂದು ಸರಿಯಾಗಿ ತಿಳಿಯಬೇಕು. ಪದ ಸ್ವೀಡನ್ನಿನದು. ಅಲ್ಲಿನ ಕಬ್ಬಿಣದ ಗಣಿಯಾಳುಗಳು ಅದಿರಿನ ಜೊತೆಗೆ ಬರುವ, ಕೆಲಸಕ್ಕೆ ಬಾರದ ಕಪ್ಪುಹಸಿರು ಕಲ್ಲನ್ನು ಹಾಗೆ ಕರೆಯುತ್ತಿದ್ದರು. 1875ರಲ್ಲಿ ಟೋರ್ನೆಬೋಮ್ ಎಂಬ ಭೂವಿಜ್ಞಾನಿ ಪೆರ್ಸ್‌ಬೆರಿಯ ಬಂಡೆಗಳನ್ನು ವಿವರಿಸುವಾಗ ಗಣಿಯಾಳುಗಳ ಆ ಮಾತನ್ನೇ ಎತ್ತಿಕೊಂಡ. ಬಂಡೆ ಹುಟ್ಟುವ ಬಗೆ ಹೀಗೆ: ಭೂಮಿಯ ಆಳದಿಂದ ಮೇಲೇರಿದ ಗ್ರಾನೈಟಿನ ಪಾಕ ಸುಣ್ಣಕಲ್ಲಿನ ಪದರಕ್ಕೆ ತಾಗುತ್ತದೆ. ಕಾವಿಗೆ ಸುಣ್ಣಕಲ್ಲು ಮೊದಲು ಅಮೃತಶಿಲೆಯಾಗುತ್ತದೆ. ಪಾಕ ತಣಿಯುವಾಗ ಅದರಿಂದ ಹಿಂಡಿ ಹೊರಬಂದ ಬಿಸಿನೀರು ಸಿಲಿಕಾ, ಕಬ್ಬಿಣ, ತಾಮ್ರ, ಗಂಧಕಗಳನ್ನು ಹೊತ್ತು ಸುಣ್ಣದೊಳಕ್ಕೆ ಇಳಿಯುತ್ತದೆ. ಸುಣ್ಣದ ಗೂಡಿನಲ್ಲಿ ಕಲ್ಲು ಬೇಯುವಾಗ ಯಾವ ಅನಿಲ ಹಾರಿಹೋಗುತ್ತದೋ ಇಲ್ಲೂ ಅದೇ ಹಾರುತ್ತದೆ. ಉಳಿದ ಸುಣ್ಣ ಸಿಲಿಕಾದೊಡನೆ ಕೂಡಿ ಹೊಸ ಖನಿಜಗಳಾಗುತ್ತದೆ: ಗ್ರಾನೈಟಿಗೆ ಹತ್ತಿರ ಕಂದುಗೆಂಪಿನ ಗಾರ್ನೆಟ್, ಅದರಾಚೆ ಹಸಿರು ಪೈರಾಕ್ಸೀನ್, ಅಮೃತಶಿಲೆಯ ಅಂಚಿನಲ್ಲಿ ಬಿಳಿಯ ವಾಲಸ್ಟೊನೈಟ್. ತಾಮ್ರ ಬರುವುದು ಸಾಮಾನ್ಯವಾಗಿ ಕೊನೆಗೆ. ಎಲ್ಲ ತಣಿಯುತ್ತಾ ಬಂದು ಗಾರ್ನೆಟ್ಟು ಎಪಿಡೋಟಾಗಿ, ಕ್ಲೋರೈಟಾಗಿ ಮುರಿಯುವ ಹೊತ್ತಿಗೆ ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್ ಅವುಗಳ ನಡುವಿನ ಸಂದುಗಳಲ್ಲಿ ಕೂರುತ್ತದೆ. ಪೆರುವಿನ ಅಂತಮಿನದಲ್ಲಿ ಇಂಥ ಬಂಡೆಯೊಂದು ಲೋಕದ ದೊಡ್ಡ ತಾಮ್ರದ ಗಣಿಗಳಲ್ಲಿ ಒಂದಾಗಿದೆ. ಆದರೆ ಲೋಕದ ಬಹುತೇಕ ಸ್ಕಾರ್ನುಗಳು ಸಣ್ಣವು. ಗ್ರಾನೈಟು ಎಲ್ಲೆಲ್ಲಿ ಸುಣ್ಣಕ್ಕೆ ತಾಗಿತೋ ಅಲ್ಲಲ್ಲಿ ಮಾತ್ರ, ಗೆಡ್ಡೆ ಗೆಡ್ಡೆಯಾಗಿ ಅದಿರು. ಹತ್ತು ಮೀಟರ್ ಸರಿದರೆ ಬರೀ ಅಮೃತಶಿಲೆ. ಅದನ್ನು ಹುಡುಕುವವರು ಗ್ರಾನೈಟ್ ಮತ್ತು ಸುಣ್ಣಕಲ್ಲು ಸೇರುವ ಗೆರೆಯನ್ನೇ ಹಿಡಿದು ನಡೆಯುತ್ತಾರೆ, ಜೊತೆಗಿರುವ ಮ್ಯಾಗ್ನಟೈಟಿನ ಸೆಳೆತವನ್ನು ಉಪಕರಣದಿಂದ ಅಳೆಯುತ್ತಾರೆ, ಆಮೇಲೆ ಬೋರು ಇಳಿಸುತ್ತಾರೆ. ಎಲ್ಲಿ ನಡೆಯಬೇಕು ಎಂಬುದನ್ನು ಅದಿರಿನ ಹುಟ್ಟಿನ ಕುರಿತ ನಂಬಿಕೆಯೇ ನಿರ್ಧರಿಸುತ್ತದೆ. ಮುಂದಿನದೆಲ್ಲ ಈ ಮಾತಿನ ಮೇಲೇ ನಿಂತಿದೆ.

ಚಿಕ್ಕನಾಯಕನಹಳ್ಳಿಯ ಬಂಡೆಗಳು ಹೊರಗಿನವರ ಬರಹಕ್ಕೆ ಬಂದದ್ದು ಕಬ್ಬಿಣದ ದೆಸೆಯಿಂದ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತಾ ಇಲ್ಲಿಗೂ ಬಂದ. ಬೆಳೆ, ತೋಟ, ತೆರಿಗೆಗಳ ಜೊತೆಗೆ ಊರ ಬಳಿಯ ಗುಡ್ಡದಿಂದ ಅದಿರು ಅಗೆದು ಕಬ್ಬಿಣ ತೆಗೆಯುವುದನ್ನೂ ಬರೆದಿಟ್ಟ. ಅವನಿಗೆ ಬಂಡೆಯ ಇತಿಹಾಸ ಬೇಕಿರಲಿಲ್ಲ, ಬ್ರಿಟಿಷರ ಕೈಗೆ ಹೊಸದಾಗಿ ಬಂದ ನೆಲದ ಉತ್ಪತ್ತಿ ಬೇಕಿತ್ತು. ಬಂಡೆಯ ಇತಿಹಾಸವನ್ನು ಮೊದಲು ಕೇಳಿದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕಲ್ಲುಗೊಡಲಿಯನ್ನು ಗುರುತಿಸಿ ಹೆಸರಾಗಿದ್ದ ಈತ, 1880ರ ದಶಕದಲ್ಲಿ ಮೈಸೂರಿನ ಚಿನ್ನದ ನೆಲಗಳನ್ನು ನೋಡಲು ಊರೂರು ಅಲೆದ. ಗದಗದ ಬಳಿಯ ಡಂಬಳದಿಂದ ತೆಂಕಣಕ್ಕೆ ಹರಿದು ಬರುವ ಕಪ್ಪು, ಹಸಿರು ಬಂಡೆಗಳ ಉದ್ದನೆಯ ಪಟ್ಟಿಗೆ ಅವನಿಟ್ಟ ಹೆಸರು ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ. ಇಂದು ನಾವು ಚಿತ್ರದುರ್ಗ ಶಿಸ್ಟ್ (ಹಾಳೆಹಾಳೆಯಾಗಿ ಸೀಳುವ ಮಾರ್ಪಟ್ಟ ಬಂಡೆ) ಪಟ್ಟಿ ಎನ್ನುವುದರ ಮೊದಲ ಹೆಸರಿನಲ್ಲಿ ಈ ತೆಂಗಿನ ಸೀಮೆಯ ಊರು ಇತ್ತು. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡ ಈ ಪಟ್ಟಿಯನ್ನೂ ಇಂಥವೇ ಬೇರೆ ಪಟ್ಟಿಗಳನ್ನೂ ಒಟ್ಟುಗೂಡಿಸಿ 1888ರಲ್ಲಿ ಫೂಟ್ ಧಾರವಾಡ ವ್ಯವಸ್ಥೆ ಎಂಬ ಹೆಸರನ್ನು ಪ್ರಕಟಿಸಿದ. ಅವನ ದೃಷ್ಟಿಯಲ್ಲಿ ಇದು ನೀರಿನಲ್ಲಿ ಪದರ ಪದರವಾಗಿ ಕೂತ ಮರಳು, ಗುಂಡುಕಲ್ಲು, ಕೆಸರು, ನಡುನಡುವೆ ಹರಿದ ಲಾವಾ, ಎಲ್ಲವೂ ಸೇರಿ ಆಮೇಲೆ ಮಡಿಚಿ ಗಟ್ಟಿಯಾದ ನೆಲ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥನಾದವನೂ ಇವನೇ.

ಇಲ್ಲಿಂದ ಕಥೆ ತಿರುಗುತ್ತದೆ. ಫೂಟ್ ನಂತರ ಇಲಾಖೆಯನ್ನು ದೀರ್ಘಕಾಲ ನಡೆಸಿದ ಡಬ್ಲ್ಯು.ಎಫ್. ಸ್ಮೀತ್ ಬಹು ಸಮರ್ಥ. ಪೆನಿನ್ಸುಲಾರ್ ನೈಸ್, ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಇಂದಿಗೂ ಬಳಸುವ ಹೆಸರುಗಳು ಅವನ ಕಾಲದವು. ಆದರೆ ಅವನೂ ಅವನ ಸಂಗಡಿಗರೂ ಫೂಟನ ಕಡಲನ್ನು ಪೂರ್ತಿ ಬತ್ತಿಸಿಬಿಟ್ಟರು. 1916ರ ಹೊತ್ತಿಗೆ ಇಲಾಖೆಯ ನಿಲುವು ಹೀಗಿತ್ತು: ಧಾರವಾಡದ ಬಂಡೆಗಳೆಲ್ಲ ಮೂಲತಃ ಬೆಂಕಿಯವು. ಗುಂಡುಕಲ್ಲಿನ ಬಂಡೆ ನದಿ ತಂದು ಹಾಕಿದ್ದಲ್ಲ, ಭೂಮಿಯ ಒತ್ತಡಕ್ಕೆ ಬಂಡೆ ನುಗ್ಗಾಗಿ ಗುಂಡಾದದ್ದು. ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲೂ ಅಗ್ನಿಶಿಲೆ ಮಾರ್ಪಟ್ಟದ್ದು. ಸುಣ್ಣಕಲ್ಲು ಕೂಡ ಕಡಲಿನದಲ್ಲ, ಅಗ್ನಿಶಿಲೆಯೊಳಕ್ಕೆ ಸುಣ್ಣ ಹೊಕ್ಕು ಬದಲಾದದ್ದು. ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಸಂಸ್ಥಾನದ ಬೊಕ್ಕಸವನ್ನು ತುಂಬುತ್ತಿದ್ದುದು ಕೋಲಾರ. ಅಲ್ಲಿ ಚಿನ್ನವನ್ನು ಹೊತ್ತ ಕಪ್ಪು ಹಾರ್ನ್‌ಬ್ಲೆಂಡ್ ಶಿಸ್ಟು ನಿಜಕ್ಕೂ ಲಾವಾದಿಂದ ಬಂದದ್ದೇ. ಕೋಲಾರದಲ್ಲಿ ಕಣ್ಣು ಪಳಗಿದವರಿಗೆ ಉಳಿದೆಲ್ಲ ಪಟ್ಟಿಗಳೂ ಕೋಲಾರದಂತೆಯೇ ಕಂಡವು ಎಂದು ನನಗೆ ತೋರುತ್ತದೆ. ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ 1916ರಲ್ಲಿ ಹೊರತಂದ ಮೈಸೂರಿನ ಖನಿಜ ಸಂಪತ್ತಿನ ಹೊತ್ತಗೆ ಇಂದಿಗೂ ಓದಬೇಕಾದ ದಾಖಲೆ. ಎಲ್ಲಿ ಏನಿದೆ ಎಂಬುದನ್ನು ಅವರು ಶ್ರದ್ಧೆಯಿಂದ ಕೂಡಿಹಾಕಿದರು. ಏಕಿದೆ ಎಂಬ ಪ್ರಶ್ನೆಗೆ ಮಾತ್ರ ಅವರ ಉತ್ತರ ಒಂದೇ ಆಗಿತ್ತು, ಬೆಂಕಿ. ಆ ಉತ್ತರದ ಪರಿಣಾಮ ಶೋಧದ ಮೇಲೆ ಆಗದೆ ಇರುವುದಿಲ್ಲ. ಪದರವೇ ಇಲ್ಲವೆಂದ ಮೇಲೆ ಅದಿರು ಇಂಥ ಪದರದಲ್ಲಿ ಮುಂದುವರಿಯಬಹುದು ಎಂಬ ಆಲೋಚನೆಗೆ ಜಾಗವಿಲ್ಲ. ಎಲ್ಲಿ ಹಳಬರು ತೋಡಿದ ಗುಂಡಿ ಇದೆಯೋ, ಎಲ್ಲಿ ಬಂಡೆಯ ಮೇಲೆ ಹಸಿರು ಕಲೆ ಇದೆಯೋ ಅಲ್ಲಿ ಅಗೆಯುವುದಷ್ಟೇ ಉಳಿಯುತ್ತದೆ.

ಕಡಲನ್ನು ಮತ್ತೆ ತಂದವರು ಮುಂದಿನ ತಲೆಮಾರಿನ ಮೈಸೂರಿನವರು. ಸಿ.ಎಸ್. ಪಿಚ್ಚಮುತ್ತು 1930ರ ದಶಕದಲ್ಲಿ ಆಗಿನ ಕಡೂರು ಜಿಲ್ಲೆಯ ಕಲ್ದುರ್ಗದ ಗುಂಡುಕಲ್ಲಿನ ಬಂಡೆಯನ್ನು ಒಂದೊಂದು ಗುಂಡಾಗಿ ಓದಿದರು. ನುಗ್ಗಾದ ಬಂಡೆಯಲ್ಲಿ ಒಂದೇ ಜಾತಿಯ ತುಂಡುಗಳು ಇರಬೇಕಲ್ಲವೇ? ಅಲ್ಲಿದ್ದುದು ಹಲವು ಜಾತಿಯ, ನೀರಿನಲ್ಲಿ ಉರುಳಿ ನುಣುಪಾದ ಗುಂಡುಗಳು. ಧಾರವಾಡದ ಮರಳುಗಲ್ಲುಗಳಲ್ಲಿ ಅಲೆ ಎಳೆದ ಗೆರೆಗಳು, ಹರಿವು ಬಿಟ್ಟ ಓರೆ ಪದರಗಳು ಒಂದೊಂದಾಗಿ ದೊರೆತವು. 1940ರಲ್ಲಿ ಇಲಾಖೆಯ ಬಿ. ರಾಮರಾವ್ ಮೈಸೂರಿನ ಆರ್ಕಿಯನ್ ಬಂಡೆಗಳ ಬಗ್ಗೆ ಬರೆದ ಹೊತ್ತಗೆಯಲ್ಲಿ ಪದರಶಿಲೆಗಳು ತಮ್ಮ ಜಾಗಕ್ಕೆ ಮರಳಿದವು. ತಮ್ಮ ಇಲಾಖೆಯೇ ಕಾಲು ಶತಮಾನ ಹೇಳಿಕೊಂಡು ಬಂದ ಮಾತನ್ನು ಅದೇ ಇಲಾಖೆಯ ಮೂಲಕವೇ ತಿದ್ದಿದ ಆ ನಡೆಯ ಬಗ್ಗೆ ನನಗೆ ತುಂಬ ಗೌರವವಿದೆ. ಈ ವಾದಕ್ಕೆ ಈ ಸೀಮೆಯೇ ಒಂದು ಸಾಕ್ಷಿ ಕೊಟ್ಟಿತು. ಗುಬ್ಬಿ ಕಡೆಯ ದೊಡ್ಡಗುಣಿ ಪಟ್ಟಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟುಗಳಿವೆ ಎಂದು 1986ರಲ್ಲಿ ವರದಿಯಾಯಿತು. ಸ್ಟ್ರೊಮ್ಯಾಟೊಲೈಟ್ ಎಂದರೆ ಆಳವಿಲ್ಲದ, ಬಿಸಿಲು ತಲುಪುವ ನೀರಿನಲ್ಲಿ ಸೂಕ್ಷ್ಮಜೀವಿಗಳ ಪಾಚಿ ಚಾಪೆಯಂತೆ ಬೆಳೆದು, ಮೇಲೆ ಮೇಲೆ ಕೆಸರು ಹಿಡಿದು, ಸಾಲು ಸಾಲು ಗುಬುಟುಗಳಾಗಿ ಕಲ್ಲಾದ ರಚನೆ. ಸುಣ್ಣ ಹೊಕ್ಕ ಅಗ್ನಿಶಿಲೆಯಲ್ಲಿ ಅದು ಬೆಳೆಯುವುದು ಸಾಧ್ಯವೇ ಇಲ್ಲ. ಅಲ್ಲಿಗೆ ಸುಣ್ಣಕಲ್ಲಿನ ಪ್ರಶ್ನೆ ಮುಗಿಯಿತು. ಈಗಿನ ನಕ್ಷೆಗಳಲ್ಲಿ ಈ ಸುಣ್ಣಕಲ್ಲು, ಡಾಲೊಮೈಟ್, ಮ್ಯಾಂಗನೀಸ್, ಕಬ್ಬಿಣದ ಕಲ್ಲುಗಳು ವಾಣಿವಿಲಾಸ ಎಂಬ ಹೆಸರಿನ ಪದರಗುಂಪಿನಲ್ಲಿವೆ. ಇದು ಕಡಲಂಚಿನ ಗುಂಪು. ಅದರ ಮೇಲಿನದು ಇಂಗಳದಾಳು ಗುಂಪು, ಲಾವಾಗಳದು. ಅದರ ಮೇಲೆ ಹಿರಿಯೂರು ಗುಂಪು, ಆಳಕಡಲಿನ ಕೆಸರುಮರಳಿನದು. ಕಡಲಂಚು ಕುಸಿದು ಆಳವಾಗುತ್ತಾ ಹೋದ ಕಥೆಯನ್ನೇ ಈ ಮೂರು ಗುಂಪು ಹೇಳುತ್ತವೆ.

ಈಗ ತಾಮ್ರಕ್ಕೆ ಬರೋಣ. ಚಿತ್ರದುರ್ಗದ ಆಗ್ನೇಯಕ್ಕೆ ಕೆಲವೇ ಕಿಲೋಮೀಟರ್ ದೂರದ ಇಂಗಳದಾಳಿನಲ್ಲಿ ಹಳೆಯ ಕಾಲದವರು ತೋಡಿದ ಗುಂಡಿಗಳು ಗುಡ್ಡದ ಮೈಮೇಲೆ ಸಾಲಾಗಿದ್ದವು. ಹೊಸ ಶೋಧಕ್ಕೆ ದಾರಿ ತೋರಿಸಿದ್ದೂ ಅವೇ. ಅಲ್ಲಿ ತಾಮ್ರವನ್ನು ಹೊತ್ತ ಬಂಡೆ ಯಾವುದು? ಸುಣ್ಣಕಲ್ಲಲ್ಲ. ಹಸಿರಾಗಿ ಮಾರ್ಪಟ್ಟ ಬಸಾಲ್ಟ್ ಲಾವಾ, ಅದರ ನಡುನಡುವೆ ಚರ್ಟ್ ಎಂಬ ಬೆಣಚುಕಲ್ಲಿನ ಪದರಗಳು, ಅವುಗಳೊಳಗೆ ಪೈರೈಟ್, ಪಿರೊಟೈಟ್, ಚಾಲ್ಕೊಪೈರೈಟ್, ಒಂದಷ್ಟು ಸತುವಿನ ಅದಿರು. ಈ ಲಾವಾ ಎಲ್ಲಿ ಉಕ್ಕಿತು ಎಂಬುದಕ್ಕೆ ಹತ್ತಿರದ ಮರಡಿಹಳ್ಳಿ ಸಾಕ್ಷಿ. ಅಲ್ಲಿನ ಗುಡ್ಡದಲ್ಲಿ ಲಾವಾ ದಿಂಬು ಪೇರಿಸಿದಂತೆ ಗುಂಡುಗುಂಡಾಗಿ ನಿಂತಿದೆ. ಬಿಸಿ ಲಾವಾ ತಣ್ಣೀರಿಗೆ ಇಳಿದಾಗ ಮಾತ್ರ ಹೊರಮೈ ಕೂಡಲೇ ಗಾಜಾಗಿ ಹೆಪ್ಪುಗಟ್ಟಿ ಒಳಗಿನದು ದಿಂಬಿನಂತೆ ಉಬ್ಬುತ್ತದೆ. ಆ ಗುಡ್ಡವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಎಂದರೆ ಇಂಗಳದಾಳಿನ ತಾಮ್ರ ಕೂತಿರುವುದು ಸುಮಾರು 260ರಿಂದ 275 ಕೋಟಿ ವರ್ಷ ಹಿಂದೆ ಕಡಲ ತಳದಲ್ಲಿ ಉಕ್ಕಿದ ಲಾವಾದಲ್ಲಿ. ಫೂಟನ ಕಡಲೂ ಸ್ಮೀತನ ಬೆಂಕಿಯೂ ಅಲ್ಲಿ ಒಟ್ಟಿಗೆ ಇದ್ದವು. ಇಬ್ಬರೂ ಅರ್ಧರ್ಧ ಸರಿ ಎಂದು ಜಗಳ ಬಿಡಿಸುವ ಮಾತಲ್ಲ ಇದು. ನೀರಿನಡಿ ಉಕ್ಕಿದ ಬೆಂಕಿ ಎಂಬ ಮೂರನೆಯ ಸಂಗತಿಯೊಂದು ಇಬ್ಬರ ಲೆಕ್ಕದಲ್ಲೂ ಸರಿಯಾದ ಜಾಗ ಪಡೆದಿರಲಿಲ್ಲ.

ಆ ಮೂರನೆಯ ಸಂಗತಿಯನ್ನು ಲೋಕ ಕಣ್ಣಾರೆ ಕಂಡದ್ದು 1979ರಲ್ಲಿ. ಪೆಸಿಫಿಕ್ ಸಾಗರದಡಿ ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿದ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯ ಕಿಟಕಿಯಿಂದ, ದಿಂಬುಲಾವಾದ ಮೇಲೆ ನಿಂತ ಕೊಳವೆಗಳು ಕಪ್ಪು ಹೊಗೆ ಉಗುಳುವುದು ಕಾಣಿಸಿತು. ಕಡಲನೀರು ಬಿರುಕುಗಳಲ್ಲಿ ಇಳಿದು, ಲಾವಾದ ಕಾವಿಗೆ 350 ಡಿಗ್ರಿ ಮುಟ್ಟಿ, ಬಂಡೆಯಿಂದ ತಾಮ್ರ, ಸತು, ಕಬ್ಬಿಣಗಳನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತಿತ್ತು. ತಣ್ಣನೆಯ ಕಡಲು ತಾಗಿದೊಡನೆ ಲೋಹಗಳು ಗಂಧಕದೊಡನೆ ಕೂಡಿ ಕಪ್ಪು ಪುಡಿಯಾಗಿ ಉದುರುತ್ತಿದ್ದವು. ತಾಮ್ರಕ್ಕೆ ಲ್ಯಾಟಿನ್ನಿನಲ್ಲಿ ಹೆಸರು ಕೊಟ್ಟ ಸೈಪ್ರಸ್ ದ್ವೀಪದ ಹಳೆಯ ಗಣಿಗಳು ದಿಂಬುಲಾವಾದಲ್ಲೇ ಏಕಿವೆ ಎಂಬುದಕ್ಕೆ ಅಲ್ಲಿ ಉತ್ತರ ಇತ್ತು. ಅದೇ 1979ರಲ್ಲಿ ಇಂಗಳದಾಳಿನ ಅದಿರಿನಲ್ಲೂ ಅದನ್ನು ಸುತ್ತಿದ ಬಂಡೆಯಲ್ಲೂ ತಾಮ್ರ, ಕೋಬಾಲ್ಟ್, ನಿಕ್ಕಲ್ ಎಷ್ಟೆಷ್ಟು ಇವೆ ಎಂದು ಅಳೆದ ಮುಖರ್ಜಿ ಮತ್ತು ಫಿಲಿಪ್ ಅವರ ಪ್ರಬಂಧವೂ ಪ್ರಕಟವಾಯಿತು. ಅದಿರಿನ ಲೋಹವನ್ನು ಅದರ ತಾಯಿಬಂಡೆಯ ಲೋಹದೊಡನೆ ತೂಗಿ ನೋಡುವ ಅಂಥ ಕೆಲಸವೇ ಪ್ರಶ್ನೆ ಬದಲಾಗಿತ್ತು ಎಂಬುದಕ್ಕೆ ಗುರುತು. ಗ್ರಾನೈಟನ್ನು ಕಾರಣ ಮಾಡುವ ಬದಲು ಕಾಲಕೆಳಗಿನ ಲಾವಾವನ್ನು ವಿಚಾರಿಸತೊಡಗಿದ್ದರು.

ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು: ಇಂಗಳದಾಳಿನ ಅದಿರು ಎಲ್ಲ ಕಡೆಯೂ ಪದರಕ್ಕೆ ಸಮನಾಗಿ ಮಲಗಿಲ್ಲ. ಎಷ್ಟೋ ಕಡೆ ಬೆಣಚಿನ ನಾಳಗಳಲ್ಲಿ, ಬಂಡೆ ಕತ್ತರಿಸಿದ ಬಿರುಕುಗಳಲ್ಲಿ, ಪದರವನ್ನು ಅಡ್ಡ ದಾಟಿ ಹೋಗುತ್ತದೆ. ಕಡಲತಳದಲ್ಲಿ ಕೂತದ್ದಾದರೆ ಅಡ್ಡ ದಾಟುವುದೇಕೆ? ಚಿತ್ರದುರ್ಗದ ಪಕ್ಕದಲ್ಲೇ ಸುಮಾರು 260 ಕೋಟಿ ವರ್ಷದ ಗ್ರಾನೈಟೂ ನಿಂತಿದೆಯಲ್ಲ, ಅದರ ಬಿಸಿನೀರೇ ಈ ನಾಳಗಳನ್ನು ತುಂಬಿರಬಾರದೇಕೆ? ಇದಕ್ಕೆ ಉತ್ತರ ಈ ಪಟ್ಟಿ ಅನುಭವಿಸಿದ ಹಿಂಡುವಿಕೆಯಲ್ಲಿದೆ. ಪಟ್ಟಿ ಪೂರ್ತಿ ಮಡಿಚಿದೆ, ನಿಲುವಾಗಿ ಎದ್ದಿದೆ, ಉದ್ದಕ್ಕೂ ಕತ್ತರಿಸಿ ಸರಿದಿದೆ. ಚಾಲ್ಕೊಪೈರೈಟ್ ಮೆತ್ತನೆಯ ಖನಿಜ. ಲಾವಾವೂ ಚರ್ಟೂ ಬಿರಿಯುವ ಒತ್ತಡದಲ್ಲಿ ಅದು ಹಿಂಡಿದ ಬೆಣ್ಣೆಯಂತೆ ಬಿರುಕುಗಳಿಗೆ ಸರಿದುಹೋಗುತ್ತದೆ. ಬಿರುಕಿನಲ್ಲಿ ಸಿಕ್ಕ ಅದಿರು ಕೊನೆಗೆ ಎಲ್ಲಿಗೆ ಬಂದು ನಿಂತಿತು ಎಂದಷ್ಟೇ ಹೇಳುತ್ತದೆ. ಎಲ್ಲಿಂದ ಹೊರಟಿತು ಎಂದು ಕೇಳಬೇಕಾದರೆ ಅದಿರು ಎಲ್ಲೆಲ್ಲಿ ಇಲ್ಲ ಎಂದೂ ನೋಡಬೇಕು. ಅದು ಲಾವಾ ಮತ್ತು ಚರ್ಟಿನ ಸಂಗಡ ಬಿಡದೆ ಇದೆ. ಗ್ರಾನೈಟಿನ ಅಂಚನ್ನು ಸುತ್ತುವರಿದು ಇಲ್ಲ. ಗ್ರಾನೈಟು ತಾಯಿಯಾಗಿದ್ದರೆ ಮಕ್ಕಳು ಅದರ ಸೆರಗಿನ ಸುತ್ತ ಇರಬೇಕಿತ್ತು. ಗ್ರಾನೈಟಿನ ಕಾವು ಇದ್ದ ಅದಿರನ್ನು ಮತ್ತೊಮ್ಮೆ ಕರಗಿಸಿ ಸರಿಸಿರಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಸರಿಸುವುದು ಬೇರೆ, ಹೆರುವುದು ಬೇರೆ.

ಎರಡನೆಯ ಆಕ್ಷೇಪ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಇಂಗಳದಾಳಿನ ತಾಮ್ರ ಸುಣ್ಣದಲ್ಲಿ ಇಲ್ಲದಿದ್ದರೇನು, ಚಿಕ್ಕನಾಯಕನಹಳ್ಳಿಯಲ್ಲಿ ಸುಣ್ಣ ಇದೆಯಲ್ಲ; ಈ ಕಡೆಯ ಬಂಡೆಗಳಲ್ಲಿ ಗಾರ್ನೆಟ್ಟು, ಎಪಿಡೋಟು, ಆಕ್ಟಿನೊಲೈಟು ಸಿಗುವುದೂ ಉಂಟು; ಇವೆಲ್ಲ ಸ್ಕಾರ್ನಿನ ಖನಿಜಗಳೇ ಅಲ್ಲವೇ? ಹೆಸರು ಒಂದೇ ಆದ ಮಾತ್ರಕ್ಕೆ ಕುಲ ಒಂದಾಗದು. ಸ್ಕಾರ್ನಿನ ಗಾರ್ನೆಟ್ ಸುಣ್ಣದ ಗಾರ್ನೆಟ್, ಕ್ಯಾಲ್ಸಿಯಂ ಅದರ ಮೈ. ಕೆಸರುಗಲ್ಲು ಕಾದು ಹುಟ್ಟಿದ ಶಿಸ್ಟುಗಳ ಗಾರ್ನೆಟ್ಟಿನ ಮೈ ಕಬ್ಬಿಣದ್ದು. ಮ್ಯಾಂಗನೀಸ್ ಪದರಗಳಲ್ಲಿ ಬೆಳೆದರೆ ಮ್ಯಾಂಗನೀಸಿನದು. ಎಪಿಡೋಟು, ಆಕ್ಟಿನೊಲೈಟು ಯಾವುದೇ ಹಳೆಯ ಬಸಾಲ್ಟು ಸ್ವಲ್ಪ ಕಾದರೂ ಬರುತ್ತವೆ, ಅದಕ್ಕೆ ಹತ್ತಿರದಲ್ಲಿ ಗ್ರಾನೈಟು ಬೇಕೆಂದೇ ಇಲ್ಲ. ಸುಣ್ಣದ ಗಾರ್ನೆಟ್, ಪೈರಾಕ್ಸೀನ್, ವಾಲಸ್ಟೊನೈಟುಗಳು ಸಾಲು ಹಿಡಿದು, ಗ್ರಾನೈಟಿನಿಂದ ಅಮೃತಶಿಲೆಯ ಕಡೆಗೆ ಆ ಕ್ರಮದಲ್ಲೇ ನಿಂತರೆ ಮಾತ್ರ ಸ್ಕಾರ್ನ್ ಎನ್ನಬೇಕು. ಇಲ್ಲಿನ ಸುಣ್ಣಪದರಗಳು ಹೆಸರಾದದ್ದು ಇನ್ನೊಂದು ಗುಣಕ್ಕೆ. ಅವುಗಳಲ್ಲಿ ಮೊದಲೇ ಬೆರೆತಿದ್ದ ಮ್ಯಾಂಗನೀಸು, ಮಳೆಬಿಸಿಲಿಗೆ ಸುಣ್ಣ ಕರಗಿ ಹೋದಂತೆಲ್ಲ, ಕಪ್ಪು ಅದಿರಾಗಿ ಮೇಲೆ ಗಟ್ಟಿಗೊಂಡಿತು. ಚಿಕ್ಕನಾಯಕನಹಳ್ಳಿಯ ಮ್ಯಾಂಗನೀಸ್ ಗುಂಡಿಗಳ ಹಿಂದಿರುವುದು ಗ್ರಾನೈಟಿನ ಬೆಂಕಿಯಲ್ಲ, ಕಡಲಂಚಿನ ಕೆಸರು ಮತ್ತು ಮಳೆ. ಆಳವಿಲ್ಲದ, ಪಾಚಿ ಬೆಳೆಯುವ ಆ ನೀರಿನಲ್ಲಿ ಕಪ್ಪು ಹೊಗೆಯ ಕೊಳವೆಗಳೂ ಇರಲಿಲ್ಲ. ತಾಮ್ರಕ್ಕೆ ಲಾವಾ ಉಕ್ಕುವ ಆಳದ ಕಡಲು ಬೇಕು. ಅದಕ್ಕೇ ಒಂದೇ ಪಟ್ಟಿಯ ಒಂದು ತುಂಡಿಗೆ ಮ್ಯಾಂಗನೀಸು, ಕಬ್ಬಿಣ ಬಂದವು, ಇನ್ನೊಂದಕ್ಕೆ ತಾಮ್ರ ಬಂತು.

ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯನ್ನು ಇಲ್ಲಿ ತರಬೇಕು. ತಿಪಟೂರಿಗೆ ಹತ್ತಿರದ ತಾಮ್ರ ಅದು, ಅರಸೀಕೆರೆ ಗ್ರಾನೈಟಿನ ನೆರೆಯೂ ಹೌದು. ಗ್ರಾನೈಟು ತಾಮ್ರ ತಂದಿತು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲೂ ಹಳಬರ ಗುಂಡಿಗಳಿದ್ದವು, ಅಲ್ಲೂ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಸರ್ಕಾರಿ ಗಣಿ ನಡೆಯಿತು. ಆದರೆ ಅಲ್ಲಿ ತಾಮ್ರ ಕೂತಿರುವುದು ಅಮೃತಶಿಲೆಯ ಅಂಚಿನಲ್ಲಲ್ಲ. ಅಂಫಿಬೊಲೈಟ್, ಎಂದರೆ ಬಹಳ ಕಾದು ಮಾರ್ಪಟ್ಟ ಲಾವಾ. ಅದರ ನಡುವೆ ಚರ್ಟಿನ ಬೆಣಚು ಪದರ. ತಾಮ್ರ ಆ ಪದರದೊಡನೆ. ಇಂಗಳದಾಳಿಗಿಂತ ಹೆಚ್ಚು ಬೆಂದಿದೆ, ಬೇರೆ ಪಟ್ಟಿಗೆ ಸೇರಿದೆ, ಆದರೂ ಅದೇ ಜೋಡಿ. ಗ್ರಾನೈಟಿನ ಮಗ್ಗುಲಲ್ಲಿ ಇದ್ದೂ ತಾಮ್ರ ತನ್ನ ಲಾವಾ ಮತ್ತು ಚರ್ಟನ್ನು ಬಿಟ್ಟುಕೊಟ್ಟಿಲ್ಲ ಎಂಬುದು ನನ್ನ ವಾದಕ್ಕೆ ಇಂಗಳದಾಳಿಗಿಂತ ಬಲವಾದ ಆಧಾರ.

ಮೂರನೆಯ ಆಕ್ಷೇಪ ವಿದ್ವಾಂಸರದಲ್ಲ, ಗಣಿಯವರದು. ತಾಮ್ರ ಸಿಕ್ಕರೆ ಸಾಕು, ಕಡಲು ಇಟ್ಟಿತೋ ಬೆಂಕಿ ಇಟ್ಟಿತೋ ಕಟ್ಟಿಕೊಂಡು ಏನಾಗಬೇಕು? ಆಗಬೇಕಾದ್ದು ಬಹಳವಿದೆ. ಸ್ಕಾರ್ನ್ ಎಂದು ನಂಬಿದವನು ಗ್ರಾನೈಟಿನ ಅಂಚಿನಲ್ಲಿ ಬೋರು ಇಳಿಸುತ್ತಾನೆ. ಕಡಲತಳದ ಅದಿರು ಎಂದು ನಂಬಿದವನು ಚರ್ಟಿನ ಪದರವನ್ನು ಹಿಡಿದು, ಮಡಿಕೆ ತಿರುಗಿದಲ್ಲಿ ತಾನೂ ತಿರುಗಿ, ಮೈಲಿಗಟ್ಟಲೆ ಹೋಗುತ್ತಾನೆ. ಬೋರು ಹಾಕಿಸುವ ಖರ್ಚು ಎಷ್ಟೆಂದು ಈ ಸೀಮೆಯ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ತಪ್ಪು ಜಾಗದಲ್ಲಿ ಇಳಿಸಿದ ಹತ್ತು ಬೋರು ಸರಿಯಾದ ಜಾಗದ ಹನ್ನೊಂದನೆಯದಕ್ಕೆ ಹಣ ಉಳಿಸುವುದಿಲ್ಲ. ನಿಕ್ಷೇಪ ಸಣ್ಣದಾದಷ್ಟೂ ಈ ಮಾತು ನಿಜ. ದೊಡ್ಡ ಅದಿರು ತಪ್ಪು ಸಿದ್ಧಾಂತವನ್ನೂ ಸಹಿಸುತ್ತದೆ, ಎಲ್ಲಿ ಕೊರೆದರೂ ತಾಗುತ್ತದೆ. ಸಣ್ಣದು ಸಹಿಸದು.

ಇಂಗಳದಾಳು ಸಣ್ಣದೇ. ಗಣಿಯಾಗಿ ಅದರ ಬಾಳನ್ನು ಬಂಡೆಯಷ್ಟೇ ಕಾಲವೂ ನಿರ್ಧರಿಸಿತು. ಸ್ವಾತಂತ್ರ್ಯ ಬಂದಾಗ ದೇಶದ ತಾಮ್ರವೆಂದರೆ ಮುಖ್ಯವಾಗಿ ಬಿಹಾರದ ಘಾಟಶಿಲೆಯದು, ಉಳಿದದ್ದು ಆಮದು. ವಿದೇಶಿ ವಿನಿಮಯಕ್ಕೆ ತತ್ವಾರವಿದ್ದ ಆ ದಶಕಗಳಲ್ಲಿ ವಿದ್ಯುತ್ ತಂತಿಗೂ ರಕ್ಷಣೆಗೂ ತಾಮ್ರ ಬೇಕೇ ಬೇಕಾಗಿತ್ತು. 1967ರಲ್ಲಿ ಹಿಂದೂಸ್ತಾನ್ ಕಾಪರ್ ಹುಟ್ಟಿತು, ರಾಜಸ್ಥಾನದ ಖೇತ್ರಿ ಬೆಳೆಯಿತು. ಆ ಕಾಲದ ಕಣ್ಣಿಗೆ ಚಿತ್ರದುರ್ಗದ ತೆಳ್ಳನೆಯ ಅದಿರೂ ಗಣಿಯಾಗಿ ಕಂಡಿತು, ಕಲ್ಯಾಡಿಯದೂ ಕಂಡಿತು. ಇಂಗಳದಾಳಿನಲ್ಲಿ ಅದಿರನ್ನು ಅರೆದು, ನೀರಿನಲ್ಲಿ ತೇಲಿಸಿ, ತಾಮ್ರ ಸಾಂದ್ರಗೊಂಡ ಪುಡಿ ತೆಗೆಯಲಾಯಿತು. 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ಹಟ್ಟಿ ಚಿನ್ನದ ಗಣಿ ಕಂಪನಿ ಈ ಘಟಕವನ್ನು ನಡೆಸಿತು. 1991ರ ನಂತರ ಆಮದಿನ ಬಾಗಿಲು ತೆರೆದು ಸುಂಕ ಇಳಿಯುತ್ತಾ ಬಂದಾಗ, ಚಿಲಿ, ಪೆರುವಿನ ಬೆಟ್ಟಗಳನ್ನೇ ಕರಗಿಸುವ ಗಣಿಗಳ ತಾಮ್ರದ ಎದುರು ಇದು ನಿಲ್ಲುವಂತಿರಲಿಲ್ಲ. ಅದಿರು ಮುಗಿದು ಗಣಿ ಮುಚ್ಚಿತು ಎನ್ನುವುದಕ್ಕಿಂತ ಅದಿರು ಎಂಬ ಪದದ ಅರ್ಥವೇ ಬದಲಾಯಿತು ಎನ್ನಬೇಕು. ಬಂಡೆಯಲ್ಲಿ ತಾಮ್ರ ಇದ್ದಷ್ಟೇ ಇತ್ತು. ಅದನ್ನು ತೆಗೆದರೆ ಗಿಟ್ಟುತ್ತದೆ ಎನ್ನುವ ಲೆಕ್ಕ ಹೋಯಿತು. ಆಮೇಲೆ ಇಂಗಳದಾಳಿನ ಅರೆಯುವ ಯಂತ್ರಗಳಿಗೆ ಬಂದದ್ದು ಶಿರಾ ಕಡೆಯ ಅಜ್ಜನಹಳ್ಳಿಯ ಚಿನ್ನದ ಅದಿರು, ಇದೇ ಪಟ್ಟಿಯ ಕಬ್ಬಿಣಗಲ್ಲಿನ ಪದರದಿಂದ ಅಗೆದದ್ದು. ತುಮಕೂರು ಜಿಲ್ಲೆಯ ಕಲ್ಲು ಚಿತ್ರದುರ್ಗದ ತಾಮ್ರದ ಗಿರಣಿಯಲ್ಲಿ ಅರೆಯಲ್ಪಟ್ಟಿತು.

ಚಿಕ್ಕನಾಯಕನಹಳ್ಳಿಯ ಪಾಲಿಗೆ ಗಣಿ ಎಂದರೆ ಈಗಲೂ ಕಬ್ಬಿಣ ಮತ್ತು ಮ್ಯಾಂಗನೀಸು, ಅದಿರಿನ ಲಾರಿಗಳ ಕೆಂಪು ಧೂಳು ಕೂತ ತೆಂಗಿನ ಗರಿ, 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ ನೆನಪು. ಅಂಥ ನೆಲದಲ್ಲಿ ತಾಮ್ರದ ಹೆಸರನ್ನು ಎತ್ತುವವರು ಏನನ್ನು ನೋಡಿ ಎತ್ತುತ್ತಿದ್ದೇವೆ ಎಂದು ಮೊದಲು ಹೇಳಬೇಕು. ಬಂಡೆಯ ಮೇಲೆ ಒಂದು ಹಸಿರು ಕಲೆ ಕಂಡರೆ ಸಾಲದು, ಮಳೆನೀರು ಎಳ್ಳಷ್ಟು ತಾಮ್ರವನ್ನೂ ಹಸಿರಾಗಿ ಹರಡಬಲ್ಲದು. ನನ್ನ ಮಾತನ್ನು ಸುಳ್ಳು ಮಾಡಬೇಕೆನ್ನುವವರು ಶೆಟ್ಟಿಕೆರೆಯಿಂದ ಪಡುವಣಕ್ಕೆ ನಡೆಯಲಿ. ಶಿಸ್ಟ್ ಪಟ್ಟಿ ಮುಗಿದು ನೈಸು, ಗ್ರಾನೈಟು ಶುರುವಾಗುವ ಅಂಚಿನಲ್ಲಿ ಸುಣ್ಣಕಲ್ಲು ಗ್ರಾನೈಟಿಗೆ ನೇರವಾಗಿ ತಾಗಿದ ಒಂದು ಜಾಗ ಬೇಕು. ಅಲ್ಲಿ ಸುಣ್ಣಕಲ್ಲು ದಪ್ಪ ಹರಳಿನ ಅಮೃತಶಿಲೆಯಾಗಿರಬೇಕು. ಅಂಚಿನಿಂದ ಒಳಕ್ಕೆ ಗಾರ್ನೆಟ್, ಪೈರಾಕ್ಸೀನ್, ವಾಲಸ್ಟೊನೈಟ್ ಸಾಲಾಗಿ ಇರಬೇಕು. ಆ ಗಾರ್ನೆಟ್ಟನ್ನು ಪ್ರಯೋಗಾಲಯದಲ್ಲಿ ಅಳೆದರೆ ಕ್ಯಾಲ್ಸಿಯಂ ಕಾಣಬೇಕು. ಅದರ ಸಂದಿನಲ್ಲಿ ಚಾಲ್ಕೊಪೈರೈಟ್ ಹೊಳೆಯಬೇಕು. ಅಂಥದೊಂದು ಬೊಗಸೆಯಷ್ಟು ಕಲ್ಲು ಸಿಕ್ಕರೂ ಈ ಲೇಖನವನ್ನು ಮತ್ತೆ ಬರೆಯಲು ನಾನು ಸಿದ್ಧ.